ವೆಂಕಟಾಚಲನ ಗುಟ್ಟಿನ ಷಟಲ್ ಕೋರ್ಟು

ಷಟಲ್ ಕಾಕಿನ ಹೊಸ ಡಬ್ಬಿಯ ಮುಚ್ಚಳ ತೆಗೆದಾಗ ಒಂದು ವಾಸನೆ ಬರುತ್ತದೆ. ಪುಕ್ಕ, ಅಂಟು, ಬೆಂಡು, ರಟ್ಟು ಎಲ್ಲವೂ ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ಇದ್ದು ಒಂದಕ್ಕೊಂದು ಒಗ್ಗಿಹೋದ ಮೇಲೆ ಬರುವ ವಾಸನೆ. ವೆಂಕಟಾಚಲನಿಗೆ ಅದು ಎಂಟನೆಯ ವಯಸ್ಸಿನಲ್ಲಿ ಹತ್ತಿತು. ಅವನ ಸೋದರಮಾವ ಮಲ್ಲೇಶ್ವರದ ಒಂದು ಕ್ಲಬ್ಬಿನಲ್ಲಿ ಪಾಯಿಂಟು ಎಣಿಸುವ ಕೆಲಸದಲ್ಲಿದ್ದರು. ಶನಿವಾರ ಸಂಜೆ ಹುಡುಗನನ್ನು ಜೊತೆಗೆ ಕರೆದೊಯ್ದು, ಖಾಲಿಯಾದ ಡಬ್ಬಿಯೊಂದನ್ನು ಕೈಗೆ ಕೊಟ್ಟು ಮೂಲೆಯಲ್ಲಿ ಕೂರಿಸುತ್ತಿದ್ದರು. ಬೇರೆ ಹುಡುಗರು ಪೆಪ್ಪರಮಿಂಟು ಚೀಪುವ ಹೊತ್ತಿನಲ್ಲಿ ಇವನು ಡಬ್ಬಿಯೊಳಗೆ ಮೂಗು ತೂರಿಸಿಕೊಂಡು ಕೂತಿರುತ್ತಿದ್ದ.

ಆ ಮೂಗಿಗೆ ಈಗ ಐವತ್ತೊಂದು ವರ್ಷ. ಶೇಷಾದ್ರಿಪುರದ ಒಂದು ಸರ್ಕಾರಿ ಕಚೇರಿಯಲ್ಲಿ ವೆಂಕಟಾಚಲ ಸೂಪರಿಂಟೆಂಡೆಂಟ್. ಕಚೇರಿಯ ಹಿಂದೆ ಒಂದು ಷಟಲ್ ಕೋರ್ಟಿತ್ತು, ಕೋರ್ಟಿಗೊಂದು ಕ್ಲಬ್ಬಿತ್ತು, ಕ್ಲಬ್ಬಿಗೆ ಮಧುಸೂದನ್ ಎಂಬ ಕಿರಿಯ ಆಫೀಸರು ಸೆಕ್ರೆಟರಿ. ವೆಂಕಟಾಚಲ ದಿನಾ ಸಂಜೆ ಕ್ಯಾನ್ವಾಸ್ ಷೂ ಹಾಕಿಕೊಂಡು ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದ. “ನೆಕ್ಸ್ಟ್ ಗೇಮ್ ನಿಮ್ದೇ ಸರ್” ಎಂದು ಮಧುಸೂದನ್ ಬಹಳ ವಿನಯದಿಂದ ಹೇಳುತ್ತಿದ್ದ. ಆ ನೆಕ್ಸ್ಟ್ ಗೇಮ್ ಬರುವ ಮೊದಲು ಸೂರ್ಯ ಮುಳುಗುತ್ತಿದ್ದ. ಎಂಟು ತಿಂಗಳು ಹೀಗೇ ಕಳೆಯಿತು. ವೆಂಕಟಾಚಲನ ಷೂ ತಳ ಸವೆಯಲಿಲ್ಲ, ಪ್ಯಾಂಟಿನ ಹಿಂಭಾಗ ಸವೆಯಿತು.

ಐವತ್ತು ದಾಟಿದವರಿಗೆಂದೇ ವರ್ಷಕ್ಕೊಮ್ಮೆ ಇಲಾಖೆಗಳ ನಡುವೆ ಒಂದು ಪಂದ್ಯಾವಳಿ ನಡೆಯುತ್ತಿತ್ತು. ಕಚೇರಿಯ ತಂಡದಲ್ಲಿ ಒಂದೇ ಒಂದು ಸಲ ಆಡಬೇಕು, ಎದೆಯ ಮೇಲೆ ಕಚೇರಿಯ ಹೆಸರಿರುವ ಬನಿಯನ್ನು ಒಂದು ಸಲ ತೊಡಬೇಕು ಎಂಬುದು ವೆಂಕಟಾಚಲನ ಆಸೆ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಧುಸೂದನ್ ನಗುತ್ತಾನೆ. ನಗಲಾರದಂತೆ ಮೊದಲು ಆಟ ಕುದುರಿಸಿಕೊಳ್ಳಬೇಕು. ಕುದುರಿಸಿಕೊಳ್ಳಲು ಕೋರ್ಟು ಬೇಕು. ಹೀಗೆ ಯೋಚಿಸುತ್ತ ಯೋಚಿಸುತ್ತ ಅವನ ಕಣ್ಣು ಮಲ್ಲೇಶ್ವರದ ತನ್ನದೇ ಹಳೆಯ ಮನೆಯ ಹಿತ್ತಿಲ ಮೇಲೆ ಬಿತ್ತು.

ಹೊಲಿಗೆ ಟೇಪಿನಿಂದ ಹಿತ್ತಿಲನ್ನು ಅಳೆದ. ಕೋರ್ಟಿಗೆ ನಲವತ್ತನಾಲ್ಕು ಅಡಿ ಉದ್ದ ಬೇಕು. ಹಿತ್ತಿಲು ನಲವತ್ತೆರಡಕ್ಕೆ ಮುಗಿದು, ಮಿಕ್ಕ ಎರಡಡಿ ಬಚ್ಚಲಮನೆಯ ಹಂಡೆಯ ಕೆಳಗೆ ಹೋಗುತ್ತಿತ್ತು. ಈ ವಯಸ್ಸಿನಲ್ಲಿ ಅಷ್ಟು ಹಿಂದೆ ಬಿದ್ದ ಕಾಕನ್ನು ಯಾರು ತಾನೇ ಎತ್ತುತ್ತಾರೆ ಎಂದು ಸಮಾಧಾನ ಮಾಡಿಕೊಂಡ. ಬಟ್ಟೆ ಒಗೆಯುವ ಕಲ್ಲನ್ನು ಮಾತ್ರ ಸರಿಸಬೇಕಿತ್ತು. ಅದನ್ನು ಹೆಂಡತಿ ಕನಕವಲ್ಲಿಗೆ ಹೇಳುವ ಧೈರ್ಯ ಸಾಲದೆ, ಅವಳು ಮಗಳು ಆರಾಧನಾಳ ಜೊತೆ ಅಣ್ಣನ ಮನೆಗೆಂದು ಮೈಸೂರಿಗೆ ಹೋಗುವ ಭಾನುವಾರಕ್ಕಾಗಿ ಕಾದ.

ಬೀದಿಯವರಿಗಂತೂ ಸುಳಿವೇ ಸಿಗಬಾರದು ಎಂದು ತೀರ್ಮಾನಿಸಿದ್ದ. ಅವನಿಗೆ ಹಳೆಯ ಅನುಭವಗಳಿದ್ದವು. ಬೀದಿಗೆಲ್ಲ ಮೊದಲು ಟಿ.ವಿ. ತಂದಾಗ ಭಾನುವಾರ ಬೆಳಿಗ್ಗೆ ಅವನ ಹಾಲಿನಲ್ಲಿ ನಲವತ್ತು ಜನ ಸೇರುತ್ತಿದ್ದರು. ಮನೆಯವರು ಅಡಿಗೆಮನೆಯ ಬಾಗಿಲಿಂದ ಇಣುಕಿ ನೋಡಬೇಕಿತ್ತು. ಫೋನು ಬಂದ ವರ್ಷ ಅವನು ತನ್ನ ಫೋನಿಗೆ ತಾನೇ ಸರದಿಯಲ್ಲಿ ನಿಂತಿದ್ದ. ಕೋರ್ಟಿನ ಸುದ್ದಿ ಹೊರಗೆ ಬಿದ್ದರೆ ಇಲ್ಲೂ ಬೆಂಚೇ ಗತಿ. ಆದ್ದರಿಂದ ಸಂಜೆ ನಾಲ್ಕೂವರೆಗೆ ಮೊದಲ ಆಟಕ್ಕೆ ಅವನು ಗುಟ್ಟಾಗಿ ಕರೆದದ್ದು ಒಬ್ಬನನ್ನೇ, ಕಚೇರಿಯ ಬೆಂಚಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಸಹೋದ್ಯೋಗಿ ಮಹಾನಂದನನ್ನು.

ತೊಂಬತ್ತಾರನೆಯ ಇಸವಿ, ವೈಶಾಖದ ಭಾನುವಾರ. ಬೆಳಿಗ್ಗೆ ಆರೂವರೆಗೆ ಗಾರೆ ಕೆಲಸದ ದಾಸಪ್ಪ ಎರಡು ಸರ್ವೆ ಕಂಬಗಳನ್ನು ಹೆಗಲ ಮೇಲೆ ಹೊತ್ತು ಹಿತ್ತಿಲ ಗೇಟಿನಿಂದ ಬಂದ.

“ಇದೇನು ದಾಸಪ್ಪ, ಹತ್ತಡಿ ಕಂಬ ತಂದಿದೀಯ? ನೆಲದ ಮೇಲೆ ಐದಡಿ ಒಂದಿಂಚು ಇದ್ರೆ ಸಾಕು ಅಂದಿದ್ನಲ್ಲ.”

“ಊಣಿದ್ಮೇಲೆ ಕುಯ್ದಾಕೋದು ಸೋಮಿ. ಗರಗಸ ಮನೇಲೇ ಉಳ್ಕಂಡೈತೆ. ನಾಳೆ ತರ್ತೀನಿ ಬಿಡಿ.”

ಗುಂಡಿ ತೋಡಿದ್ದಾಯಿತು. ಕಂಬ ಇಳಿಸಬೇಕೆನ್ನುವಾಗ ಹಿಂದಿನಿಂದ ವೆಂಕಟಾಚಲನ ತಾಯಿ ಆಂಡಾಳಮ್ಮನವರ ಧ್ವನಿ ಬಂತು.

“ನಿಲ್ಲಿಸೋ ವೆಂಕಟಾ. ಭೂಮಿ ಅಗೆದು, ಮರದ ಕಂಬ ನೆಡೋವಾಗ ಪೂಜೆ ಮಾಡದೆ ಇರ್ತಾರೇನೋ?”

“ಅಮ್ಮ, ಇದು ಆಟಕ್ಕಮ್ಮ.”

“ಆಟವೋ ಪಾಠವೋ, ಭೂಮಿತಾಯಿಗೆ ನೋವಾಗೋದು ಒಂದೇ ಥರ. ಪಂಚಾಂಗ ನೋಡಿದೀನಿ, ಏಳೂ ನಲವತ್ತರ ಮೇಲೆ ಒಳ್ಳೇ ಲಗ್ನ ಇದೆ. ಹೋಗಿ ಸ್ನಾನ ಮಾಡಿ ಪಂಚೆ ಉಟ್ಕೊಂಡು ಬಾ.”

ಎಪ್ಪತ್ತಾರು ವರ್ಷದ ಆ ಮುದುಕಿಯ ಎದುರು ವೆಂಕಟಾಚಲ ಯಾವತ್ತೂ ಗೆದ್ದಿರಲಿಲ್ಲ. ಸ್ನಾನ ಮಾಡಿ ರೇಷ್ಮೆ ಅಂಚಿನ ಪಂಚೆ ಉಟ್ಟು ಬಂದ. ಆಂಡಾಳಮ್ಮ ಕಂಬಗಳಿಗೆ ಅರಿಶಿನ ಕುಂಕುಮ ಹಚ್ಚಿ, ತುದಿಗೆ ಮಾವಿನ ಸೊಪ್ಪು ಕಟ್ಟಿಸಿ, ಗುಂಡಿಗೆ ಹಾಲು, ನವಧಾನ್ಯ ಹಾಕಿಸಿದರು. ದಾಸಪ್ಪ ಗುಂಡಿಯ ಅಂಚಿನಲ್ಲಿ ಸಾಲಾಗಿ ಹೋಗುತ್ತಿದ್ದ ಇರುವೆಗಳನ್ನು ಒಂದು ಎಲೆಯಿಂದ ಮೆಲ್ಲಗೆ ಆಚೆ ಸರಿಸಿ, ಆಮೇಲೆ ಕಂಬ ಇಳಿಸಿದ. ವೆಂಕಟಾಚಲ ಕೈಯಲ್ಲಿ ಅಕ್ಷತೆ ಹಿಡಿದು ನಿಂತಿದ್ದ. ಸರಿಯಾಗಿ ಆ ಗಳಿಗೆಯಲ್ಲೇ ಎಡಗಡೆ ಮನೆಯ ಲಕ್ಷ್ಮೀದೇವಮ್ಮನವರು ದಾಸವಾಳ ಕೀಳಲು ಕಾಂಪೌಂಡಿನ ಬಳಿ ಬಂದರು.

ಅವರು ಕಂಡದ್ದು ಇಷ್ಟು: ಒಳ್ಳೆಯ ಮುಹೂರ್ತ, ಹಿತ್ತಿಲಲ್ಲಿ ಮಾವಿನ ಸೊಪ್ಪು ಕಟ್ಟಿದ ಎರಡು ಎತ್ತರದ ಕಂಬ, ಅರಿಶಿನ, ಕುಂಕುಮ, ರೇಷ್ಮೆ ಪಂಚೆ. ಮದುವೆ ಮನೆಯಲ್ಲಿ ಚಪ್ಪರದ ಕಂಬ ನೆಡುವುದು ಹೇಗಿರುತ್ತದೆ ಎಂದು ಅರವತ್ತು ವರ್ಷದಿಂದ ಬಲ್ಲವರಿಗೆ ಬೇರೆ ಸಾಕ್ಷಿ ಬೇಡ.

“ಏನಪ್ಪ ವೆಂಕಟಾಚಲ, ಏನು ವಿಶೇಷ?”

ವೆಂಕಟಾಚಲ ಬೆಚ್ಚಿದ. “ಏನಿಲ್ಲಮ್ಮ. ಒಂದು ಸಣ್ಣ... ಮನೆ ಮಟ್ಟಿಗೆ ಅಷ್ಟೆ.”

“ಕನಕವಲ್ಲಿ ಕಾಣ್ತಿಲ್ಲ?”

“ಮಗಳನ್ನ ಕರ್ಕೊಂಡು ಮೈಸೂರಿಗೆ ಹೋಗಿದಾಳೆ.”

“ಓಹೋ, ಮೈಸೂರಿಗೆ!” ಎಂದರು ಲಕ್ಷ್ಮೀದೇವಮ್ಮ. ಮೈಸೂರಿಗೆ ಜನ ಯಾತಕ್ಕೆ ಹೋಗುತ್ತಾರೆ, ಅದರಲ್ಲೂ ತಾಯಿ ಮಗಳು ಇಬ್ಬರೇ? ರೇಷ್ಮೆ ಸೀರೆಗೆ. “ಸರಿ ಸರಿ. ನಾನೇನೂ ನೋಡ್ಲಿಲ್ಲ, ಕೇಳ್ಲಿಲ್ಲ. ದೃಷ್ಟಿ ಆಗಬಾರದು ನೋಡು” ಎಂದು ಅರ್ಧ ಕಿತ್ತ ಹೂವಿನ ಬುಟ್ಟಿಯನ್ನು ಅಲ್ಲೇ ಬಿಟ್ಟು, ಹಾಲು ಉಕ್ಕಿದ ಒಲೆಯ ಕಡೆಗೆ ಓಡುವವರ ಹಾಗೆ ಒಳಗೆ ಓಡಿದರು.

ವೆಂಕಟಾಚಲನಿಗೆ ಗುಟ್ಟು ಉಳಿಯಿತೆಂದು ನೆಮ್ಮದಿಯಾಯಿತು.

ಒಂಬತ್ತು ಗಂಟೆಗೆ ಬೀದಿಯ ನಾಗರಿಕರ ಸಂಘದ ಅಧ್ಯಕ್ಷರೂ ನಿವೃತ್ತ ಹೆಡ್‌ಮಾಸ್ಟರೂ ಆದ ನಂಜಪ್ಪನವರು ಕೊಡೆ ಊರಿಕೊಂಡು ಬಂದರು. ವೆಂಕಟಾಚಲ ಆಗ ತಾನೇ ತಟ್ಟೆಯ ಮುಂದೆ ಕೂತು ಪುಳಿಯೋಗರೆಗೆ ಕೈಯಿಡಲು ಹೊರಟಿದ್ದ.

“ಏಳ್ಬೇಡಿ, ಏಳ್ಬೇಡಿ. ನಾನು ಯಾರಿಗೂ ಹೇಳಿಲ್ಲ. ನಮ್ಮ ಕಮಿಟಿಯ ಹನ್ನೊಂದು ಜನಕ್ಕೆ ಮಾತ್ರ ಗೊತ್ತು.”

“ಏನು ಗೊತ್ತು ಸಾರ್?”

“ಚಪ್ಪರದ ವಿಷಯ.”

“ಚಪ್ಪರ?” ವೆಂಕಟಾಚಲ ತಟ್ಟೆಯಿಂದ ಎದ್ದೇಬಿಟ್ಟ. ಗುಟ್ಟೋ, ಮದುವೆಯೋ ಎಂದು ಎರಡು ಗಳಿಗೆ ಒದ್ದಾಡಿ, ಕೊನೆಗೆ ಗುಟ್ಟನ್ನೇ ಬಿಟ್ಟುಕೊಟ್ಟ. “ಸಾರ್, ಅದು ಚಪ್ಪರ ಅಲ್ಲ. ಷಟಲ್ ಕೋರ್ಟು.”

ನಂಜಪ್ಪನವರು ಕೊಡೆಯನ್ನು ಗೋಡೆಗೆ ಒರಗಿಸಿದರು. ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕರು. “ಷಟಲ್ ಕೋರ್ಟು! ಭೇಷ್. ನಮ್ಮ ಎರಡನೇ ಮಗಳ ಸಂಬಂಧ ಕುದುರಿದಾಗ ನಾನು ಏನು ಹೇಳಿದ್ದೆ ಗೊತ್ತಾ? ಬೋರ್‌ವೆಲ್ ಪೂಜೆ ಅಂತ! ಗುಟ್ಟು ಅಂದ್ರೆ ಹೀಗೇ ಇರ್ಬೇಕು. ಗಂಡಿನ ಕಡೆಯವರು ಕೊನೇ ಗಳಿಗೇಲಿ ಕೈ ಎತ್ತಿಬಿಟ್ರೆ?”

“ಸಾರ್, ನಿಜವಾಗ್ಲೂ ಷಟಲ್...”

“ಕೋರ್ಟು. ಆಯ್ತು. ನಾನು ಯಾರಾದ್ರೂ ಕೇಳಿದ್ರೆ ಅದನ್ನೇ ಹೇಳ್ತೀನಿ.” ಅವರು ಕಣ್ಣು ಮಿಟುಕಿಸಿದರು. ಒಬ್ಬ ಹೆಡ್‌ಮಾಸ್ಟರು ಕಣ್ಣು ಮಿಟುಕಿಸುವುದನ್ನು ವೆಂಕಟಾಚಲ ಜೀವನದಲ್ಲಿ ಮೊದಲ ಬಾರಿಗೆ ಕಂಡದ್ದು. “ಅಂದ ಹಾಗೆ, ಪುಳಿಯೋಗರೆ ಗೊಜ್ಜಿನ ವಾಸನೆ ಬಾಗಿಲವರೆಗೂ ಬರ್ತಿದೆಯಲ್ಲ?”

ಆಂಡಾಳಮ್ಮನವರು ಬಂದವರಿಗೆ ತಟ್ಟೆ ಹಾಕದೆ ಇರುವವರಲ್ಲ. ವೆಂಕಟಾಚಲನ ತಟ್ಟೆಯೇ ನಂಜಪ್ಪನವರ ಮುಂದಕ್ಕೆ ಸರಿಯಿತು. ಅವರ ಹಿಂದೆಯೇ ಕಮಿಟಿಯ ಹನ್ನೊಂದು ಜನರಲ್ಲಿ ಏಳು ಜನ ‘ಸುಮ್ಮನೆ ಈ ಕಡೆ ಬಂದಿದ್ವಿ’ ಎನ್ನುತ್ತ ಒಬ್ಬೊಬ್ಬರಾಗಿ ಬಂದರು. ಹತ್ತು ಗಂಟೆಗೆ ಪುಳಿಯೋಗರೆಯ ಪಾತ್ರೆ ಬೋರಲಾಯಿತು.

ವೆಂಕಟಾಚಲ ಬಂದವರಿಗೆಲ್ಲ ಷಟಲ್ ಕೋರ್ಟು, ಷಟಲ್ ಕೋರ್ಟು ಎಂದೇ ಹೇಳಿದ. ಹೇಳಿದಷ್ಟೂ ಅವರು ಮೆಚ್ಚಿಕೊಂಡರು. “ಎಷ್ಟು ಜೋಪಾನ ನೋಡಿ, ಒಂದು ಮಾತು ಹೆಚ್ಚು ಕಡಿಮೆ ಆಡೋದಿಲ್ಲ” ಎಂದು ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಅಂದರು. ಕಿವಿಯಲ್ಲಿ ಅಂದದ್ದು ಕುಮಾರ ಪಾರ್ಕಿನವರೆಗೆ ಕೇಳಿಸುವಂತಿತ್ತು.

ಹನ್ನೊಂದಕ್ಕೆ ಬಲಗಡೆ ಮನೆಯ ಶಿವರುದ್ರಪ್ಪನವರು ಬಂದರು. ಪೇಟೆಯಲ್ಲಿ ಮೂರು ತಲೆಮಾರಿನಿಂದ ಪಾತ್ರೆ ಅಂಗಡಿ ಇಟ್ಟವರು. ಮುಖ ಬಾಡಿಹೋಗಿತ್ತು.

“ಏನ್ ಸ್ವಾಮಿ ಇದು? ನಮ್ಮನೆ ನಿಮ್ಮನೆ ಮಧ್ಯೆ ಇರೋದು ಒಂದು ಗೋಡೆ. ಆರಾಧನಾ ನಮ್ಮನೇಲಿ ಆಡ್ಕೊಂಡು ಬೆಳೆದ ಕೂಸು. ನಮಗೆ ಒಂದ್ ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿಮ್ಗೆ?”

“ಶಿವರುದ್ರಪ್ಪನವ್ರೇ, ನಿಮ್ಮಾಣೆಗೂ ಮದುವೆ ಇಲ್ಲ.”

“ಆಣೆ ಎಲ್ಲಾ ಹಾಕ್ಬೇಡಿ, ಶುಭ ಕಾರ್ಯದ ದಿನ. ಹೋಗ್ಲಿ ಬಿಡಿ, ನಂಗೇನು ಬೇಜಾರಿಲ್ಲ.” ಅಷ್ಟು ಹೇಳುವಾಗಲೇ ಅವರ ಕಣ್ಣು ತುಂಬಿತ್ತು. “ಅಂಗಡಿಯಿಂದ ಎರಡು ಕೊಪ್ಪರಿಗೆ, ನಾಲ್ಕು ಕೊಳಗ ಕಳಿಸ್ತಿದೀನಿ. ಕೂಸಿನ ಮದ್ವೆ ಮುಗಿಯೋವರ್ಗೂ ಇಲ್ಲೇ ಇರ್ಲಿ. ಬಾಡಿಗೆ ಗೀಡಿಗೆ ಅಂದ್ರೆ ನೋಡಿ ಮತ್ತೆ!”

ಹಾಗೆ ಅಳುತ್ತ ಉಪಕಾರ ಮಾಡುವವರನ್ನು ತಡೆಯುವ ಮಾತು ವೆಂಕಟಾಚಲನಿಗೆ ಗೊತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಮೆಟಾಡೋರಿನಿಂದ ಕೊಪ್ಪರಿಗೆಗಳು ಇಳಿದವು. ಒಂದೊಂದರಲ್ಲೂ ವೆಂಕಟಾಚಲ ಆರಾಮವಾಗಿ ಕೂತು ಕಣ್ಮರೆಯಾಗಬಹುದಿತ್ತು. ಹಾಗೆ ಮಾಡಿಬಿಡೋಣವೇ ಎಂದು ಅವನಿಗೆ ಒಂದು ಸಲ ಅನ್ನಿಸಿತು ಕೂಡ.

ಇಷ್ಟರ ನಡುವೆ ದಾಸಪ್ಪ ಮಾತ್ರ ತನ್ನ ಪಾಡಿಗೆ ಕೆಲಸ ನಡೆಸಿದ್ದ. ನೆಲ ತಟ್ಟಿ ಸಮ ಮಾಡಿ, ಹಗ್ಗ ಬಿಗಿದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆದ. ಉದ್ದ ಗೆರೆ, ಅಡ್ಡ ಗೆರೆ, ನಡುವಿನ ಗೆರೆ. ಕೂದಲು ಹಿಡಿದರೂ ವಾರೆ ಕಾಣದಷ್ಟು ನೇರ. ವೆಂಕಟಾಚಲ ಗೋಡೆಗೊರಗಿ ನಿಂತು ನೋಡಿದ. ಬೆಳಗಿನಿಂದ ಅವನಿಗೆ ಸಿಕ್ಕ ಮೊದಲ ಸುಖ ಅದು. ಹಸಿವೆ ಕೂಡ ಒಂದು ಗಳಿಗೆ ಮರೆಯಿತು. ಜನ ಏನು ಬೇಕಾದರೂ ಅಂದುಕೊಳ್ಳಲಿ, ನಾಲ್ಕೂವರೆಗೆ ಮಹಾನಂದ ಬರುತ್ತಾನೆ, ಇಬ್ಬರೂ ರ‍್ಯಾಕೆಟ್ ಹಿಡಿದು ಎದುರುಬದುರು ನಿಂತರೆ ಎಲ್ಲರಿಗೂ ತಾನಾಗಿ ಅರ್ಥವಾಗುತ್ತದೆ. ಮೂರು ತಿಂಗಳು ದಿನಾ ಆಡಿದರೆ ಮಧುಸೂದನ್ ಎದುರು ನಿಂತು “ಈ ಸಲ ನನ್ನ ಹೆಸರು ಹಾಕಿ” ಅಂತ ನೇರವಾಗಿ ಕೇಳಬಹುದು.

“ಸೋಮಿ, ಒಂದ್ ಎರಡಿಡ್ಲಿ ಆಕ್ಕೊಂಡ್ ಬತ್ತೀನಿ” ಎಂದು ದಾಸಪ್ಪ ಹೋದ. ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ಮೈಸೂರಿನ ಕರೆ.

“ಏನ್ರೀ!” ಕನಕವಲ್ಲಿಯ ಧ್ವನಿ ತಂತಿಯೇ ಬೇಡದಷ್ಟು ಗಟ್ಟಿಯಾಗಿತ್ತು. “ಆರಾಧನಾಗೆ ಗಂಡು ನೋಡಿ, ಚಪ್ಪರಾನೂ ಹಾಕಿಸಿಬಿಟ್ರಂತೆ? ನಮ್ಮಣ್ಣನಿಗೆ ನಂಜಪ್ಪನೋರು ಫೋನ್ ಮಾಡಿ ಹೇಳ್ಬೇಕಾ?”

“ಇಲ್ಲ ಕಣೇ, ಯಾರು ಹೇಳಿದ್ದು? ಗಂಡೇ ಇಲ್ಲ!”

“ಗಂಡೇ ಇಲ್ದೆ ಚಪ್ಪರ ಹಾಕಿಸಿದೀರಾ?”

“ಚಪ್ಪರ ಅಲ್ಲ ಕಣೇ. ಬಟ್ಟೆ ಒಗೆಯೋ ಕಲ್ಲು ಸರಿಸಿ...”

“ಒಗೆಯೋ ಕಲ್ಲನ್ನ ಸರಿಸಿದೀರಾ?” ಈಗ ಧ್ವನಿಗೆ ನಿಜವಾದ ಸಿಟ್ಟು ಬಂತು. ಹಿಂದಿನಿಂದ ಆರಾಧನಾ ಅಳುವ ದನಿಯಲ್ಲಿ, “ಅಪ್ಪಂಗೆ ಹೇಳಮ್ಮ, ಎಂ.ಎಸ್ಸಿ. ಮುಗಿಯೋವರ್ಗೂ ನಂಗೆ ಮದುವೆ ಬೇಡ” ಎನ್ನುವುದು ಕೇಳಿಸಿತು. “ಮಧ್ಯಾಹ್ನದ ರೈಲಿಗೆ ಹೊರಡ್ತಿದೀವಿ. ಬಂದು ಮಾತಾಡ್ತೀನಿ” ಎಂದು ಕನಕವಲ್ಲಿ ಫೋನಿಟ್ಟಳು.

ವೆಂಕಟಾಚಲ ಹಣೆ ಒರೆಸಿಕೊಂಡು ಹಿತ್ತಿಲಿಗೆ ಬಂದ. ಬಂದವನು ಬಾಗಿಲಲ್ಲೇ ಕಂಬದ ಹಾಗೆ ನಿಂತ.

ಬೀದಿಯ ಆರು ಜನ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಕೋರ್ಟಿನೊಳಗೆ ಕುಕ್ಕುರುಗಾಲಲ್ಲಿ ಕೂತಿದ್ದರು. ಎಡಗಡೆಯ ಸರ್ವಿಸ್ ಚೌಕದಲ್ಲಿ ಎಂಟು ದಳದ ಕಮಲ ಅರಳಿತ್ತು. ಬಲಗಡೆ ಚೌಕದಲ್ಲಿ ಎರಡು ನವಿಲು ಕೊಕ್ಕಿಗೆ ಕೊಕ್ಕು ಕೊಟ್ಟು ನಿಂತಿದ್ದವು. ನಡುಗೆರೆಯ ಮೇಲೆ ಉದ್ದಕ್ಕೂ ಮಾವಿನಕಾಯಿ ಬಳ್ಳಿ. ಆಚೆಯ ಅಂಕಣದಲ್ಲಿ ಶಂಖ, ಚಕ್ರ, ಕಲಶ, ಎಲ್ಲಕ್ಕೂ ಬಣ್ಣ.

ಲಕ್ಷ್ಮೀದೇವಮ್ಮ ತಲೆಯೆತ್ತಿದರು. ಮೂಗಿನ ತುದಿಗೆ ನೀಲಿ ಬಣ್ಣ ಹತ್ತಿತ್ತು. “ನೀನು ಹಾಕಿದ ಗೆರೆ ನೋಡಿ ಅಯ್ಯೋ ಅನ್ನಿಸ್ತು ಕಣಪ್ಪ. ಹೆಂಡ್ತಿ ಮನೇಲಿಲ್ಲ, ಪಾಪ, ಗಂಡಸು ತಾನೇ ರಂಗೋಲಿ ಹಾಕಕ್ಕೆ ಹೊರಟಿದಾನೆ, ಬರೀ ಉದ್ದಕ್ಕೂ ಅಡ್ಡಕ್ಕೂ ಎಳೆದಿಟ್ಟಿದಾನೆ ಅಂತ. ಆದ್ರೂ ಅಳತೆ ಚೆನ್ನಾಗಿತ್ತು. ನಮಗೆ ಚೌಕಟ್ಟು ಸಿಕ್ತು.”

“ಅಮ್ಮ... ಅದು... ಅದರ ಮೇಲೆ ಓಡಾಡ್ಬೇಕಿತ್ತು.”

“ಇವತ್ತೆಲ್ಲಾ ಯಾರೂ ಕಾಲಿಡೋ ಹಾಗಿಲ್ಲ!” ಎಂದು ಆಂಡಾಳಮ್ಮನವರೇ ತುಳಸಿಕಟ್ಟೆಯ ಹತ್ತಿರದಿಂದ ಕೂಗಿದರು. “ಶಂಖ ಚಕ್ರ ಬರೆದಿದಾರೆ. ತುಳಿದ್ರೆ ನೋಡು. ನಾಳೆ ಬೆಳಿಗ್ಗೆ ನೀರು ಹಾಕೋವರೆಗೂ ಹಾಗೇ ಇರ್ಲಿ.”

ಲಕ್ಷ್ಮೀದೇವಮ್ಮ ಬಣ್ಣದ ಡಬ್ಬಿಗಳನ್ನು ಎತ್ತಿಡುತ್ತ, “ದೀಪಾವಳಿಗೆ ಅಂತ ಮೊಮ್ಮಗಳು ತಂದಿಟ್ಟಿದ್ದ ಬಣ್ಣ. ಹೋಗ್ಲಿ, ಹಬ್ಬ ಮತ್ತೆ ಬರತ್ತೆ, ಆರಾಧನಾ ಮದುವೆ ಮತ್ತೆ ಬರತ್ತಾ?” ಎಂದರು. ಡಬ್ಬಿಗಳೆಲ್ಲ ಖಾಲಿಯಾಗಿದ್ದವು. ಅದನ್ನು ನೋಡಿ ವೆಂಕಟಾಚಲನ ಸಿಟ್ಟು ಅಲ್ಲೇ ಇಳಿಯಿತು. ಅವನಿಗೆ ಇದೇ ದೊಡ್ಡ ತೊಂದರೆ. ಬೀದಿಯಲ್ಲಿ ಒಬ್ಬರಾದರೂ ಕೆಟ್ಟವರಿದ್ದಿದ್ದರೆ ಅವನು ಜಗಳವಾಡಿ ಬಚಾವಾಗುತ್ತಿದ್ದ.

ಮಧ್ಯಾಹ್ನ ಎರಡಕ್ಕೆ ನಂಜಪ್ಪನವರು ಕಮಿಟಿಯವರಿಂದ ಬಾಳೆಕಂಬ ತರಿಸಿ ಸರ್ವೆ ಕಂಬಗಳಿಗೆ ಕಟ್ಟಿಸಿದರು. ಮೂಲೆಯಲ್ಲಿ ಸುತ್ತಿಟ್ಟಿದ್ದ ಹೊಸ ನೆಟ್ಟು ಕಣ್ಣಿಗೆ ಬಿದ್ದು, “ಇದ್ಯಾಕೆ ಇಲ್ಲಿ ಬಿದ್ದಿದೆ? ಹೂವು ಸಿಕ್ಕಿಸೋಕೆ ತಂದಿದ್ದಾ?” ಎಂದು ಅದನ್ನು ಬೀದಿಬಾಗಿಲಿಗೆ ಇಳಿಬಿಟ್ಟು, ಕಣ್ಣುಕಣ್ಣಿಗೂ ಮಾವಿನೆಲೆ ಸಿಕ್ಕಿಸಿದರು. ವೆಂಕಟಾಚಲ ಗಡಿಯಾರ ನೋಡುತ್ತಿದ್ದ.

ಬೆಳಿಗ್ಗೆ ಹನ್ನೊಂದೂವರೆಗೆ ಮಹಾನಂದ ಫೋನ್ ಮಾಡಿದ್ದು ಅವನಿಗೆ ಗೊತ್ತಿರಲಿಲ್ಲ. ಕೊಪ್ಪರಿಗೆ ಇಳಿಸುವ ಗಲಾಟೆಯಲ್ಲಿ ಫೋನೆತ್ತಿದ್ದು ನಂಜಪ್ಪನವರು. ಕಾಕ್ ತರಬೇಕೇ ಎಂದು ಕೇಳಲು ಹೊರಟ ಮಹಾನಂದನಿಗೆ ಬಾಯಿ ತೆರೆಯಲು ಬಿಡದೆ, “ವೆಂಕಟಾಚಲ ಚಪ್ಪರದ ಹತ್ರ ಇದಾರೆ. ಮಗಳ ಮದುವೆ ಅಲ್ವಾ! ಕಚೇರಿಯವರು ಎಲ್ಲಾ ಬನ್ನಿ” ಎಂದು ಹೇಳಿ ಇಟ್ಟಿದ್ದರು.

ನಾಲ್ಕೂವರೆಗೆ ಸರಿಯಾಗಿ ಗೇಟಿನ ಮುಂದೆ ಸ್ಕೂಟರ್ ನಿಂತಿತು. ವೆಂಕಟಾಚಲ ಓಡಿದ. ಮಹಾನಂದ ಇಳಿದ. ಮೈಮೇಲೆ ಚಡ್ಡಿ ಬನಿಯನ್ನಿರಲಿಲ್ಲ, ಗರಿಗರಿ ಪಂಚೆ, ಶಲ್ಯ. ಕೈಯಲ್ಲಿ ರ‍್ಯಾಕೆಟ್ಟಿರಲಿಲ್ಲ, ಬಣ್ಣದ ಕಾಗದ ಸುತ್ತಿದ ದುಂಡನೆಯ ಪೊಟ್ಟಣ. ಅದರೊಳಗೆ ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಸ್ಕೂಟರ್ ಓಡಿಸುತ್ತಿದ್ದವನು ಹೆಲ್ಮೆಟ್ ತೆಗೆದ. ಮಧುಸೂದನ್!

“ಕಂಗ್ರಾಜುಲೇಷನ್ಸ್ ಸರ್! ಎಷ್ಟು ಗುಟ್ಟಾಗಿ ಇಟ್ಟಿದ್ರಿ!” ಮಧುಸೂದನ್ ಎರಡೂ ಕೈ ಹಿಡಿದು ಕುಲುಕಿದ. ಹಿತ್ತಿಲವರೆಗೂ ಕೈ ಬಿಡಲಿಲ್ಲ. ಅಲ್ಲಿ ನಂಜಪ್ಪ, ಲಕ್ಷ್ಮೀದೇವಮ್ಮ, ಶಿವರುದ್ರಪ್ಪ, ಅವರ ಹೆಂಡತಿ ಗುರುಬಸಮ್ಮ, ಕಮಿಟಿಯವರು ಎಲ್ಲ ಬೆಂಚು ಹಾಕಿಕೊಂಡು ಕೂತಿದ್ದರು.

“ಸರ್, ಒಂದು ವಿಷಯ ಹೇಳ್ಬೇಕು, ನೀವು ನನ್ನ ಬಗ್ಗೆ ತಪ್ಪು ತಿಳ್ಕೊಂಡಿರಬಹುದು,” ಎಂದ ಮಧುಸೂದನ್. “ದಿನಾ ನೀವು ಬೆಂಚಿನ ಮೇಲೆ ಕೂತ್ಕೊಂಡಿರೋದು ನೋಡಿ ನಂಗೇ ಬೇಜಾರಾಗ್ತಿತ್ತು. ಅದಕ್ಕೇ ಈ ವರ್ಷ ವೆಟರನ್ಸ್ ಟೀಮಿಗೆ ಮೊದಲನೇ ಹೆಸರು ನಿಮ್ದೇ ಬರೆದಿದ್ದೆ. ಸರ್‌ಪ್ರೈಸ್ ಆಗಿರ್ಲಿ ಅಂತ ಹೇಳಿರ್ಲಿಲ್ಲ.”

ವೆಂಕಟಾಚಲನ ಎದೆ ಎರಡು ಸಲ ಬಡಿದು, ಮೂರನೆಯದಕ್ಕೆ ತಡವರಿಸಿತು. “ನನ್ನ ಹೆಸರಾ?”

“ಹೂಂ ಸರ್. ನಿಮ್ಮನ್ನೇ ಕ್ಯಾಪ್ಟನ್ ಅಂತ ಹಾಕಿದ್ದೆ. ಬನಿಯನ್ ಮೇಲೆ ನಿಮ್ಮ ಹೆಸರೂ ಪ್ರಿಂಟಾಗಿತ್ತು. ಪಟ್ಟಿ ಕೊಡೋಕೆ ಇವತ್ತು ಮೂರು ಗಂಟೆ ಕೊನೆ. ಅಷ್ಟರಲ್ಲಿ ಮಹಾನಂದ ಅವ್ರು ಫೋನ್ ಮಾಡಿ ಮದುವೆ ವಿಷಯ ಹೇಳಿದ್ರು. ಮಗಳ ಮದುವೆ ಇಟ್ಕೊಂಡಿರೋರಿಗೆ ತೊಂದ್ರೆ ಕೊಡೋದಾ, ಛೆ, ಅಂತ ನಾನೇ ನಿಮ್ಮ ಹೆಸರು ಹೊಡೆದುಹಾಕಿ ಮಹಾನಂದ ಅವ್ರ ಹೆಸರು ಬರೆದುಕೊಟ್ಟೆ.”

ಮಹಾನಂದ ತನ್ನ ಕಾಲಿನ ಹೆಬ್ಬೆರಳನ್ನು ಹೊಸದಾಗಿ ಕಂಡವನಂತೆ ನೋಡುತ್ತಿದ್ದ.

“ಮದುವೆ ಇಲ್ಲ,” ಎಂದ ವೆಂಕಟಾಚಲ.

“ಅಂದ್ರೆ?”

“ಇದು ಷಟಲ್ ಕೋರ್ಟು.” ಈ ಸಲ ಅವನ ಧ್ವನಿಯಲ್ಲಿ ಏನೋ ಇತ್ತು. ಬೆಂಚುಗಳ ಮೇಲಿದ್ದವರು ಇತ್ತ ತಿರುಗಿದರು. ಮಧುಸೂದನ್ ಆಟಗಾರ. ಅವನು ಬಗ್ಗಿ ಕಮಲದ ದಳಗಳ ಸುತ್ತ ನೋಡಿದ. ಬಣ್ಣದ ಕೆಳಗೆ ಸುಣ್ಣದ ಬಿಳಿ ಗೆರೆ ಕಂಡಿತು. ಅದರ ಜಾಡು ಹಿಡಿದು ಕಂಬದವರೆಗೆ ಹೋದ. ಬಾಳೆಕಂಬ ಸರಿಸಿ, ಐದಡಿ ಒಂದಿಂಚಿನಲ್ಲಿ ದಾಸಪ್ಪ ಮಾಡಿದ್ದ ಗುರುತನ್ನು ಬೆರಳಲ್ಲಿ ಮುಟ್ಟಿದ.

“ಸರ್! ಇದು ನೆಟ್ಟಿನ ಎತ್ತರ! ಅದು ಸರ್ವಿಸ್ ಲೈನು!”

“ಬೆಳಗಿನಿಂದ ಹೇಳ್ತಾನೇ ಇದೀನಿ,” ಎಂದ ವೆಂಕಟಾಚಲ.

“ಹೇಳೋ ಹಾಗೆ ಹೇಳ್ಬೇಕಪ್ಪ!” ಎಂದರು ಲಕ್ಷ್ಮೀದೇವಮ್ಮ. “ಕದ್ದು ಮುಚ್ಚಿ ಹೇಳಿದ್ರೆ ಯಾರು ನಂಬ್ತಾರೆ? ಷಟಲ್ ಕೋರ್ಟನ್ನ ಯಾರಾದ್ರೂ ಮುಚ್ಚಿಡ್ತಾರಾ?”

“ಪಟ್ಟಿ ಇನ್ನೊಂದ್ಸಲ ತಿದ್ದೋಕೆ...” ವೆಂಕಟಾಚಲ ಮಧುಸೂದನನ ಕಡೆ ತಿರುಗಿದ. ಇಷ್ಟು ಜನರ ಎದುರು ಅವನು ಯಾವತ್ತೂ ಏನನ್ನೂ ಬೇಡಿರಲಿಲ್ಲ.

“ಇಲ್ಲ ಸರ್. ಮೂರು ಗಂಟೆ ಆದ್ಮೇಲೆ ಒಂದು ಅಕ್ಷರ ಮುಟ್ಟೋ ಹಾಗಿಲ್ಲ.” ಮಧುಸೂದನನಿಗೂ ನಿಜವಾಗಿಯೇ ನೋವಾಗಿತ್ತು. ಅವನು ಸಮಾಧಾನಕ್ಕಾಗಿ ಅತ್ತ ಇತ್ತ ನೋಡಿದ. ಅವನ ಕಣ್ಣು ಮತ್ತೆ ಕೋರ್ಟಿನ ಮೇಲೆ ಹೋಯಿತು. ಮುಖ ಅರಳಿತು. “ಆದ್ರೂ ಏನು ಲೆವೆಲ್ ಮಾಡಿಸಿದೀರಿ ಸರ್! ನಮ್ಮ ಆಫೀಸ್ ಕೋರ್ಟಿಗೆ ನಾಳೆಯಿಂದ ಸಿಮೆಂಟ್ ಹಾಕಿಸ್ತಿದಾರೆ, ಟೀಮಿಗೆ ಪ್ರಾಕ್ಟೀಸಿಗೆ ಜಾಗ ಇಲ್ಲ ಅಂತ ತಲೆ ಕೆಡಿಸ್ಕೊಂಡಿದ್ದೆ. ದೇವರು ತೋರಿಸಿದ ಹಾಗಾಯ್ತು. ಸಂಜೆ ಐದರಿಂದ ಏಳು, ಇಲ್ಲೇ ಆಡ್ತೀವಿ. ನೀವು ಟೀಮಲ್ಲಿ ಇಲ್ದಿದ್ರೇನು, ಕೋರ್ಟು ನಿಮ್ದೇ ತಾನೇ?”

“ಸಂಜೆ ನಿಮಗಾದ್ರೆ ಬೆಳಿಗ್ಗೆ ನಮ್ಮ ಸಂಘಕ್ಕೆ,” ಎಂದು ನಂಜಪ್ಪನವರು ಎದ್ದೇಬಿಟ್ಟರು. ಮದುವೆ ತಪ್ಪಿದ ದುಃಖ ಅವರ ಮುಖದಲ್ಲಿ ಎಲ್ಲೂ ಉಳಿದಿರಲಿಲ್ಲ. “ಐದೂವರೆಯಿಂದ ಏಳೂವರೆ ಹಿರಿಯರು. ಏಳೂವರೆಯಿಂದ ಒಂಬತ್ತು ಮಕ್ಕಳು.”

“ಆಮೇಲೆ ಹನ್ನೆರಡರವರೆಗೆ ನಾವು,” ಎಂದರು ಲಕ್ಷ್ಮೀದೇವಮ್ಮ, ಸೆರಗು ಇನ್ನಷ್ಟು ಬಿಗಿಯಾಗಿ ಸಿಕ್ಕಿಸುತ್ತ. “ಕಾಲೇಜಿನಲ್ಲಿ ನನ್ನ ಸರ್ವಿಸು ಯಾರಿಗೂ ಎತ್ತೋಕಾಗ್ತಿರ್ಲಿಲ್ಲ, ತಿಳೀತಾ?”

ನಂಜಪ್ಪನವರು ಮದುವೆ ಸಾಮಾನಿನ ಪಟ್ಟಿಗೆಂದು ತಂದಿದ್ದ ಕಾಗದವನ್ನು ತಿರುಗಿಸಿ, ಹಿಂಭಾಗದಲ್ಲಿ ವೇಳಾಪಟ್ಟಿ ಬರೆದರು. ಬರೆದು ಮುಗಿಸಿ ಕನ್ನಡಕದ ಮೇಲಿಂದ ನೋಡಿದರು. “ಮನೆ ಯಜಮಾನರನ್ನ ಬಿಡೋಕಾಗತ್ತಾ? ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಪೂರ್ತಿ ನಿಮಗೇ. ಯಾರೂ ಅಡ್ಡ ಬರೋದಿಲ್ಲ.”

“ಆ ಹೊತ್ತಲ್ಲಿ ನಾನು ಆಫೀಸಲ್ಲಿರ್ತೀನಿ ಸಾರ್.”

“ಭಾನುವಾರ ಇರತ್ತಲ್ಲ?”

“ಭಾನುವಾರ ಇಡೀ ದಿನ ಟೂರ್ನಮೆಂಟ್ ಇಟ್ಕೊಳ್ಳೋಣ!” ಎಂದರು ಕಮಿಟಿಯ ಯಾರೋ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಪ್ಪಿನ ಖರ್ಚು ತನ್ನದು ಎಂದು ಶಿವರುದ್ರಪ್ಪನವರು ಆಗಲೇ ಘೋಷಿಸಿದರು. ಮಧುಸೂದನ್, ನಂಜಪ್ಪ, ಮಹಾನಂದ ಮೂವರೂ ಬೀದಿಬಾಗಿಲಿಗೆ ಹೋಗಿ ನೆಟ್ಟಿನಿಂದ ಮಾವಿನೆಲೆ ಕೀಳತೊಡಗಿದರು. ಜನವೆಲ್ಲ ಅವರ ಹಿಂದೆ ಹೋಯಿತು. ಇನ್ನೆರಡು ಗಂಟೆಯಲ್ಲಿ ಕನಕವಲ್ಲಿಯ ರೈಲು ಬರುವುದಿತ್ತು.

ವೆಂಕಟಾಚಲ ಸರಿಸಿಟ್ಟ ಒಗೆಯುವ ಕಲ್ಲಿನ ಮೇಲೆ ಕೂತ. ಬೆಳಿಗ್ಗೆ ಉಟ್ಟ ರೇಷ್ಮೆ ಅಂಚಿನ ಪಂಚೆ ಇನ್ನೂ ಸೊಂಟದಲ್ಲಿತ್ತು. ಎದುರಿಗೆ ನವಿಲುಗಳು ಸಂಜೆ ಬಿಸಿಲಿನಲ್ಲಿ ಹೊಳೆಯುತ್ತಿದ್ದವು. ಚೆನ್ನಾಗಿಯೇ ಹಾಕಿದ್ದಾರೆ ಎಂದು ಅವನಿಗೆ ಅನ್ನಿಸಿತು.

ಎಲ್ಲರ ಜೊತೆ ಎದ್ದು ಹೋದ ಗುರುಬಸಮ್ಮ ತಮ್ಮ ಮನೆಯ ಹಿತ್ತಿಲಿಗೆ ಹೋಗಿದ್ದರು. ಬೆಳಗಿನಿಂದ ಹತ್ತಾರು ಜನ ಈ ಮನೆಯಲ್ಲಿ ಉಂಡು ಹೋದದ್ದನ್ನು ಅವರು ಗೋಡೆಯಾಚೆಯಿಂದ ನೋಡಿದ್ದರು. ವೆಂಕಟಾಚಲನಿಗೆ ಒಂದು ಲೋಟ ನೀರಿನ ಹೊರತು ಏನೂ ಸಿಗದೆ ಹೋದದ್ದನ್ನೂ ನೋಡಿದ್ದರು. ಅವರು ಕಾಂಪೌಂಡಿನ ಮೇಲಿಂದ ಒಂದು ತಟ್ಟೆ ಚಾಚಿದರು. ಎರಡು ಅಕ್ಕಿರೊಟ್ಟಿ, ಬದನೆಕಾಯಿ ಪಲ್ಯ, ಬಟ್ಟಲಲ್ಲಿ ಮೊಸರು. ವೆಂಕಟಾಚಲ ಎದ್ದು ಹೋಗಿ ಎರಡು ಕೈಯಲ್ಲೂ ತೆಗೆದುಕೊಂಡ. ತುಳಸಿಕಟ್ಟೆಯ ಬಳಿ ಇದ್ದ, ಬೇರೆಯವರ ಮನೆಯ ಅಡಿಗೆಯನ್ನು ಎಂದೂ ಹೊಸ್ತಿಲು ದಾಟಿಸದ ಆಂಡಾಳಮ್ಮನವರು ನೋಡಿದರು. ನೋಡದವರ ಹಾಗೆ ದೇವರ ಮನೆಯ ಕಡೆ ತಿರುಗಿದರು.

ರೊಟ್ಟಿ ಇನ್ನೂ ಬಿಸಿಯಾಗಿತ್ತು. ಗುರುಬಸಮ್ಮ ಗೋಡೆಯ ಮೇಲೆ ಒಂದು ಚೊಂಬು ನೀರಿಟ್ಟು ಒಳಗೆ ಹೋದರು.